ಅತ್ತೆ ಎಂದರೆ ಮಲಗುವ ಮಷೀನು

ಆಗಸ್ಟ್ 29, 1993, ಭಾನುವಾರ
ಮಲಾಡ್

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ಯಾರನ್ನು ಎಂದು ಗೊತ್ತಿಲ್ಲ. ಮಾವ ಆಫೀಸಿನಿಂದ ತಂದುಕೊಟ್ಟ ಈ ಒಳ್ಳೆಯ ಡೈರಿ, ದಿನಾ ಏನಾದರೂ ನಡೆಯುವ ಬದುಕಿನವರ ಕೈಗೆ ಸಿಗಬೇಕಿತ್ತು. ನನ್ನ ಬದುಕಿನಲ್ಲಿ ಬರೆಯುವಂಥದ್ದೇನೂ ನಡೆಯುವುದಿಲ್ಲ. ಎದೆ ಡವಡವ ಎನ್ನುವಾಗ ಬರೆದರೆ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಅದು ಊಟಿಯ ಬೋರ್ಡಿಂಗ್ ಸ್ಕೂಲಿನ ಅಭ್ಯಾಸ. ಕನ್ನಡದಲ್ಲಿ ಬರೆಯುವುದೂ ಅಲ್ಲಿಯದೇ. ಡಾರ್ಮಿಟರಿಯಲ್ಲಿ ಇಂಗ್ಲಿಷ್ ಎಲ್ಲರಿಗೂ ಬರುತ್ತಿತ್ತು. ಕನ್ನಡ ನನಗೂ ಪಾಠ ಹೇಳುವ ಈರಣ್ಣ ಮೇಷ್ಟ್ರಿಗೂ ಬಿಟ್ಟರೆ ಯಾರಿಗೂ ಬರುತ್ತಿರಲಿಲ್ಲ. (ಈ ಮನೆಯಲ್ಲಿ ಎಲ್ಲರಿಗೂ ಬರುತ್ತದೆ ಎಂಬುದು ಈ ಸಾಲು ಬರೆಯುವಾಗ ಹೊಳೆಯಿತು. ಇರಲಿ.)

ಪವಾಯಿಯ ಇನ್‌ಸ್ಟಿಟ್ಯೂಟಿನಲ್ಲಿ ಮೊದಲ ವರ್ಷ. ಹಾಸ್ಟೆಲ್ ಸೀಟು ಸಿಗಲಿಲ್ಲವೆಂದು ಸುಬ್ಬಲಕ್ಷ್ಮಿ ಅತ್ತೆಯ ಮನೆಯಲ್ಲಿದ್ದೇನೆ. ಅತ್ತೆ ಅಪ್ಪನ ಅಕ್ಕ. ಅಪ್ಪನಿಗೆ ಒಂದು ಡ್ಯಾಮಿನಿಂದ ಇನ್ನೊಂದು ಡ್ಯಾಮಿಗೆ ವರ್ಗವಾಗುತ್ತಲೇ ಇದ್ದುದರಿಂದ ಒಂದನೇ ಕ್ಲಾಸಿನಿಂದಲೂ ನಾನು ಹಾಸ್ಟೆಲ್ಲಿನವಳು. ಅಲ್ಲಿ ಬೆಲ್ ಹೊಡೆದರೆ ಊಟ, ಬೆಲ್ ಹೊಡೆದರೆ ನಿದ್ದೆ. ತಡವಾದರೆ ಊಟ ಇಲ್ಲ, ಕಥೆ ಮುಗಿಯಿತು. ಇಲ್ಲಿ ಬೆಲ್ ಇಲ್ಲ. ನಾನು ಬಸ್ಸು, ಲೋಕಲ್ ಟ್ರೇನು ಎರಡೂ ಹಿಡಿದು ಎಷ್ಟೊತ್ತಿಗೆ ಬಂದರೂ ಅತ್ತೆ ಊಟ ಮಾಡದೆ ಕಾದಿರುತ್ತಾರೆ. ನಿನ್ನೆ ಹೇಳಿದೆ.

"ಸಾರಿ ಅತ್ತೆ. ಪ್ಲೀಸ್, ನನಗೋಸ್ಕರ ಕಾಯಬೇಡಿ."

"ಕಾಯೋಕೆ ನಾನೇನು ಬಸ್ ಸ್ಟಾಪಲ್ಲಿ ನಿಂತಿದೀನಾ? ಕೈ ತೊಳಕೊಂಡು ಬಾ."

"ಥ್ಯಾಂಕ್ ಯೂ ಅತ್ತೆ."

"ಅನ್ನ ಬಡಿಸಿದ್ದಕ್ಕೆಲ್ಲ ಥ್ಯಾಂಕ್ಸು! ಹೋಟ್ಲೇನೇ ಇದು?"

ಕಾಯುವವರಿದ್ದರೆ ತಡವಾಗುವ ಭಯ ಎರಡರಷ್ಟು. ಹಾಸ್ಟೆಲ್ಲಿನ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಕೊಟ್ಟಿದ್ದೇನೆ, ಮನೆಯಲ್ಲಿ ಹೇಳಿಲ್ಲ. ಸೂಟ್‌ಕೇಸು ಮಂಚದ ಕೆಳಗಿದೆ. ಅದನ್ನು ಪೂರ್ತಿ ಖಾಲಿ ಮಾಡಿಲ್ಲ. ಸೀಟು ಬಂದ ದಿನವೇ ಹೊರಡಬಹುದು.

ಸೆಪ್ಟೆಂಬರ್ 5, ಭಾನುವಾರ

ಮಾವ ಕಂಪ್ಯೂಟರ್ ತಂದರು! ಅವರ ಆಫೀಸಿನಲ್ಲಿ ಹೊಸವು ಬಂದವಂತೆ, ಹಳೆಯ ತ್ರೀ ಎಯ್ಟಿ ಸಿಕ್ಸ್ ಮಾದರಿಯವನ್ನು ಬೇಕಾದವರು ಒಯ್ಯಿರಿ ಎಂದರಂತೆ. ರಿಕ್ಷಾದಲ್ಲಿ ಮಾನಿಟರನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ಮೂರು ಮಹಡಿ ಹತ್ತಿಸುವಾಗ ಬಿಲ್ಡಿಂಗಿನ ಅರ್ಧ ಜನ ಬಾಗಿಲಿಗೆ ಬಂದು, ಟಿವಿ ಎಷ್ಟಿಂಚಿನದು ಎಂದು ಕೇಳಿದರು.

ಮಾವನ ಹೆಸರು ನಂಜುಂಡ. ಔಷಧಿ ಕಂಪನಿಯ ಸ್ಟೋರ್ಸಿನಲ್ಲಿದ್ದಾರೆ, ಯಾವುದನ್ನೂ ಎಸೆಯುವುದಿಲ್ಲ. ಆನ್ ಮಾಡಿದೆವು. ಡಿಸ್ಕಿನಲ್ಲಿ ಏನೂ ಇಲ್ಲ, ಆಫೀಸಿನವರು ಎಲ್ಲ ಅಳಿಸಿ ಕೊಟ್ಟಿದ್ದಾರೆ.

"ದೇಹ ಗಟ್ಟಿಯಾಗಿದೆ, ತಲೇಲಿ ಏನೂ ಇಲ್ಲ," ಎಂದರು ಮಾವ.

"ನಿಮ್ಮ ಜೊತೆ ಚೆನ್ನಾಗಿ ಹೊಂದಿಕೊಳ್ಳತ್ತೆ," ಎಂದು ಅಡುಗೆಮನೆಯಿಂದ ಅತ್ತೆ.

ನಾನು ನಗಬಹುದೋ ಬಾರದೋ ತಿಳಿಯದೆ ಕೀಬೋರ್ಡ್ ಒರೆಸಿದೆ.

ಸೆಪ್ಟೆಂಬರ್ 9, ಗುರುವಾರ

ಲ್ಯಾಬಿನಲ್ಲಿ ಯುನಿಕ್ಸ್ ಎಂಬ ಕಂಪ್ಯೂಟರ್ ನಡೆಸುವ ವ್ಯವಸ್ಥೆಯನ್ನು ಕಲಿಸುತ್ತಿದ್ದಾರೆ. ಟರ್ಮಿನಲ್ಲುಗಳು ಕಡಿಮೆ. ನನ್ನ ಸರದಿ ಬರುವಷ್ಟರಲ್ಲಿ ಬಸ್ಸಿನ ಹೊತ್ತು. ಹಿಂದೆ ಬಿದ್ದಿದ್ದೇನೆ, ಗಡಿಬಿಡಿಯಲ್ಲಿ ಪಾಸ್‌ವರ್ಡನ್ನೂ ತಪ್ಪು ಹೊಡೆಯುತ್ತೇನೆ.

ಇವತ್ತು ಸೀನಿಯರ್ ಸದಾನಂದ ಪಕ್ಕದಲ್ಲಿ ಕೂತಿದ್ದ. ಅವನ ಮನೆಯವರು ಮಂಗಳೂರಿನವರು, ದಾದರಿನಲ್ಲಿ ಅವರದು ಹೋಟೆಲು. ಮನೆಯಲ್ಲಿ ಖಾಲಿ ಮಷೀನಿದೆ ಎಂದೆ.

"ತ್ರೀ ಎಯ್ಟಿ ಸಿಕ್ಸಾ? ಅಯ್ಯೋ ಮಾರಾಯ್ತಿ, ಮೊದಲೇ ಹೇಳ್ಬಾರ್ದಾ! ಲಿನಕ್ಸ್ ಹಾಕು. ಯುನಿಕ್ಸಿನ ಹಾಗೇ ಉಂಟು. ಯಾರೋ ನಮ್ಮ ಹಾಗಿನ ಸ್ಟೂಡೆಂಟೇ ಶುರು ಮಾಡಿದ್ದು, ಈಗ ಊರೆಲ್ಲ ಸೇರಿ ಬರೀತಾರೆ. ಫ್ರೀ. ನಾನು ಕಂಪ್ಯೂಟರ್ ಸೆಂಟರಿನಲ್ಲಿ ಇಳಿಸಿ ಇಟ್ಟಿದ್ದೇನೆ. ನೀನು ಖಾಲಿ ಫ್ಲಾಪಿ ತಾ, ಸಾಕು."

ಮಾವನಿಗೆ ಹೇಳಿದೆ. ಅವರು ಅಟ್ಟದಿಂದ ಆಫೀಸಿನ ಹಳೆಯ ದೊಡ್ಡ ಫ್ಲಾಪಿಗಳ ಒಂದು ಗಂಟನ್ನೇ ಇಳಿಸಿದರು. ಎಸೆದಿರಲಿಲ್ಲವಲ್ಲ!

ಸೆಪ್ಟೆಂಬರ್ 12, ಭಾನುವಾರ

ಸದಾನಂದ ಫ್ಲಾಪಿಗಳಿಗೆಲ್ಲ ಲಿನಕ್ಸ್ ತುಂಬಿ ಕೊಟ್ಟ. ತಿಂಡಿಯಾದ ಮೇಲೆ ಅದನ್ನು ಹಾಕಲು ಕೂತವರು ಸಂಜೆಯವರೆಗೆ ಏಳಲಿಲ್ಲ. ಮೊದಲು ಮಷೀನನ್ನು ಎಬ್ಬಿಸುವ ಫ್ಲಾಪಿ ಒಂದು, ಆಮೇಲೆ ಉಳಿದವು ಒಂದರ ಹಿಂದೊಂದು. ಪರದೆಯ ಮೇಲೆ ಇಂಥ ನಂಬರಿನದು ಹಾಕಿ ಎಂದು ಬರುತ್ತದೆ. ನಾನು ಓದಿ ಹೇಳುವುದು, ಮಾವ ಬಡಿಸುವುದು. ಅತ್ತೆ ನಡುನಡುವೆ ಬಂದು ನೋಡಿದರು.

"ಇಷ್ಟು ತಿಂತಲ್ಲ, ಇನ್ನೂ ಎದ್ದಿಲ್ಲವಾ?"

ಕೊನೆಯ ಫ್ಲಾಪಿಯೂ ಆಯಿತು. ಇನ್ನು ಫ್ಲಾಪಿ ಇಲ್ಲದೆ ತಾನೇ ಏಳಬೇಕು. ರೀಸ್ಟಾರ್ಟ್ ಮಾಡಿದೆವು. ಮೂಲೆಯಲ್ಲಿ 'LI' ಎಂದು ಎರಡು ಅಕ್ಷರ ಬಂದು ನಿಂತಿತು. ಕಾದೆವು. ಅಷ್ಟೇ.

"ಭಾಷಣಕ್ಕೆ ಎದ್ದು ನಿಂತು ಮಾತು ಮರೆತವನ ಹಾಗಿದೆ," ಎಂದರು ಮಾವ.

ನಾನು ಏನೋ ಹಾಳು ಮಾಡಿದೆ ಎಂದು ಬೆವರಿಬಿಟ್ಟೆ. "ಐ ಆಮ್ ಸೋ ಸಾರಿ ಮಾವ, ಇಟ್ಸ್ ಮೈ ಫಾಲ್ಟ್" ಎಂದು ಇಂಗ್ಲಿಷಿನಲ್ಲಿ ಏನೇನೋ ಹೇಳಿದೆ. ಹೆದರಿದಾಗ ನನಗೆ ಇಂಗ್ಲಿಷೇ ಬರುವುದು. ಮಾವ ಕೇಳಿಸಿಕೊಂಡೇ ಇಲ್ಲವೆಂಬಂತೆ ಎಬ್ಬಿಸುವ ಫ್ಲಾಪಿಯನ್ನು ಮತ್ತೆ ತುರುಕಿದರು. ಗರಗರ ಸದ್ದಾಯಿತು, ಸಾಲು ಸಾಲು ಅಕ್ಷರಗಳು ಹರಿದವು, ಕೊನೆಗೆ 'login:' ಎಂದು ಬಂತು.

ಹಾಗಾದರೆ ಎಲ್ಲ ಒಳಗೇ ಇದೆ. ತಾನಾಗಿ ಏಳಲು ಬರುವುದಿಲ್ಲ, ಯಾರಾದರೂ ಎಬ್ಬಿಸಬೇಕು.

"ಏಳನೇ ಕ್ಲಾಸಿನವರೆಗೆ ನಾನೂ ಹಂಗೇ ಇದ್ದೆ," ಎಂದರು ಮಾವ. ಮಷೀನಿನೊಳಗೆ ಹೋಗಲು ಮಾವನಿಗೊಂದು, ನನಗೊಂದು ಲಾಗಿನ್ ಹೆಸರು ಮಾಡಿದೆ. nanjunda. vani.

ಸೆಪ್ಟೆಂಬರ್ 14, ಮಂಗಳವಾರ

ಅನಾಹುತ. ನಿನ್ನೆ ರಾತ್ರಿ ಮಷೀನು ಆನ್ ಇತ್ತು. ಒಂದು ಪ್ರೋಗ್ರಾಂ ಕಂಪೈಲ್ ಆಗುತ್ತಿತ್ತು, ಬೆಳಗಾಗುವಷ್ಟರಲ್ಲಿ ಮುಗಿಯಲಿ ಎಂದು ಬಿಟ್ಟಿದ್ದೆ. ಅತ್ತೆ ಮಲಗುವ ಮುಂಚೆ ಗ್ಯಾಸು, ನಲ್ಲಿ, ಸ್ವಿಚ್ಚು, ಈ ಕ್ರಮದಲ್ಲಿ ಮನೆ ಮುಚ್ಚುತ್ತಾರೆ. ಗೋಡೆಯಲ್ಲಿದ್ದ ಮಷೀನಿನ ಸ್ವಿಚ್ಚನ್ನೂ ಟಪ್ ಎಂದು ಆರಿಸಿದ್ದಾರೆ. ಲಿನಕ್ಸನ್ನು ಹಾಗೆ ಆರಿಸಬಾರದು. ಬರೆಯಬೇಕಾದ್ದನ್ನು ಅದು ನೆನಪಿನಲ್ಲಿಟ್ಟುಕೊಂಡಿರುತ್ತದೆ, ಡಿಸ್ಕಿಗೆ ಬರೆಯಲು ಬಿಡುವು ಕೊಡಬೇಕು.

ಬೆಳಿಗ್ಗೆ ಎಬ್ಬಿಸಿದರೆ ಪ್ರಶ್ನೆಗಳೋ ಪ್ರಶ್ನೆಗಳು. ಇದು ಕೆಟ್ಟಿದೆ, ಸರಿ ಮಾಡಲೇ? y ಅಥವಾ n. ಅದು ಕೆಟ್ಟಿದೆ, ಸರಿ ಮಾಡಲೇ? ನನ್ನ ಬೆರಳು n ಕಡೆಗೂ ಹೋಗುವುದಿಲ್ಲ, y ಕಡೆಗೂ ಹೋಗುವುದಿಲ್ಲ.

"ಹೂಂ ಅನ್ನಮ್ಮಾ," ಎಂದರು ಮಾವ ಶೇವ್ ಮಾಡುತ್ತಾ. "ಸರಿ ಮಾಡ್ತೀನಿ ಅಂತ ಅದೇ ಕೇಳ್ತಿದೆಯಲ್ಲ. ಬೇಡ ಅಂತ ಯಾರಾದ್ರೂ ಅಂತಾರಾ?"

y y y y. ಮೊದಲ ಲೆಕ್ಚರು ತಪ್ಪಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಒದ್ದೆ ಕೈ ಸೆರಗಿನಲ್ಲಿ. "ನಾನು ಮುಟ್ಟಬಾರದಿತ್ತು ಕಣೇ," ಎಂದರು. ನಾನು "ಇಟ್ಸ್ ಓಕೆ ಅತ್ತೆ" ಎಂದು ಓಡಿದೆ.

ಸೆಪ್ಟೆಂಬರ್ 16, ಗುರುವಾರ

ಸದಾನಂದ ಒಂದು ಉಪಾಯ ಹೇಳಿಕೊಟ್ಟ. ಲಾಗಿನ್ ಹೆಸರೊಂದನ್ನು ಮಾಡಿ, ಅದನ್ನು ಹೊಡೆದ ಕೂಡಲೇ ಮಷೀನು ತಾನೇ ಎಲ್ಲ ಬರೆದಿಟ್ಟು, ಬಾಗಿಲು ಹಾಕಿಕೊಂಡು ಮಲಗುವಂತೆ ಮಾಡಬಹುದು. ಮಾಡಿದೆ. ಹೆಸರು 'atte'. ಪಾಸ್‌ವರ್ಡ್ ಇಲ್ಲ. ಅತ್ತೆ ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ ಮಾಡಿದವರು, ಎ ಎಲ್ಲಿದೆ ಟಿ ಎಲ್ಲಿದೆ ಎಂದು ಒಂದೇ ಬೆರಳಿನಲ್ಲಿ ಹುಡುಕಿ ಹೊಡೆದರು. ಮಷೀನು ಇಷ್ಟುದ್ದ ಏನೋ ಹೇಳಿ ನಿಂತಿತು. ಈಗ ಸ್ವಿಚ್ಚು ಆರಿಸಬಹುದು ಎಂದೆ. ಆರಿಸಿದರು.

"ನೋಡಿದ್ಯಾ?" ಎಂದರು ಮಾವ. "ನಿಮ್ಮತ್ತೆ ಹೆಸರು ಹೇಳಿದ್ರೆ ಮಷೀನೂ ಹೆದರಿ ಮಲಗತ್ತೆ. ಮೂವತ್ತು ವರ್ಷದಿಂದ ನಾನು ಇದನ್ನೇ ಹೇಳ್ತಿರೋದು."

"ನೀವು ಯಾವತ್ರೀ ಹೇಳಿದ ತಕ್ಷಣ ಮಲಗಿದೀರಿ? ಪೇಪರು ಮುಖದ ಮೇಲೆ ಬೀಳೋ ತನಕ ಇಲ್ಲ."

ಇವತ್ತು ನಾನೂ ನಕ್ಕೆ. ಬಾಯಿ ಮುಚ್ಚಿಕೊಳ್ಳುವ ಮೊದಲೇ ಬಂದುಬಿಟ್ಟಿತು.

ಸೆಪ್ಟೆಂಬರ್ 28, ಮಂಗಳವಾರ

ಗ್ಯಾಸು, ನಲ್ಲಿ, ಅತ್ತೆ, ಸ್ವಿಚ್ಚು. ಈಗ ಇದು ಕ್ರಮ.

ಲ್ಯಾಬಿನಲ್ಲಿ ಪಾಸ್‌ವರ್ಡ್ ಒಂದೇ ಸಲಕ್ಕೆ ಸರಿ ಹೋಯಿತು. ಫ್ಲಾಪಿ, ಕೇಬಲ್ಲು, ಮಾವ ಪ್ರಿಂಟ್ ಮಾಡಿಸಿ ತಂದ ಕಾಗದ ಇವನ್ನೆಲ್ಲ ಇಡಲು ಜಾಗವಿರಲಿಲ್ಲ, ನನ್ನ ಸೂಟ್‌ಕೇಸಿಗೆ ತುಂಬಿದೆವು. ಅದರಲ್ಲಿದ್ದ ಬಟ್ಟೆಯನ್ನು ಅತ್ತೆ ಬೀರುವಿಗೆ ಸೇರಿಸಿದರು.

ಅಕ್ಟೋಬರ್ 9, ಶನಿವಾರ

ಮನೆಗೆ ಬಂದಾಗ ಅತ್ತೆ ಊಟಕ್ಕೆ ಬಡಿಸುತ್ತಾ ಹೇಳಿದರು: "ಹಾಸ್ಟೆಲಿಂದ ಫೋನ್ ಬಂದಿತ್ತು. ಒಂದು ಸೀಟು ಖಾಲಿ ಆಗಿದೆಯಂತೆ. ದಸರಾ ರಜ ಮುಗಿದ ಮೇಲೆ, ಇಪ್ಪತ್ತೇಳನೇ ತಾರೀಕು ಬುಧವಾರದೊಳಗೆ, ಬೇಕೋ ಬೇಡವೋ ಹೇಳಬೇಕಂತೆ."

ನಾನು ಅನ್ನ ಕಲಸುತ್ತಲೇ ಇದ್ದೆ. ಕೇಳದೆ ಹೆಸರು ಕೊಟ್ಟಿದ್ದಕ್ಕೆ ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಕಾಲೇಜಿಗೆ ಹತ್ತಿರ. ಬಸ್ಸು ಟ್ರೇನು ತಾಪತ್ರಯ ಇಲ್ಲ. ಒಳ್ಳೇದೇ ಆಯ್ತು. ತುಪ್ಪ ಹಾಕ್ಲಾ?"

ಆಮೇಲೆ ಮಷೀನಿನ ಮುಂದೆ ಕೂತಾಗ ಮಾವ ಕೇಳಿದರು, "ನೀನು ಹೋದ ಮೇಲೆ vani ಅನ್ನೋ ಹೆಸರು ತೆಗೀಬೇಕೇನಮ್ಮಾ?"

"ಜಾಗ ಬೇಕಾದರೆ ತೆಗೀಬಹುದು ಮಾವ."

"ಎಷ್ಟು ಜಾಗ ತಿನ್ನತ್ತೆ?"

"ಜಾಸ್ತಿ ಇಲ್ಲ."

"ಹಾಗಾದ್ರೆ ಇರಲಿ ಬಿಡು."

ಬಯಸಿದ್ದು ಬಂದಿದೆ. ಖುಷಿಯಾಗಬೇಕಿತ್ತು. ತುಪ್ಪ ಜಾಸ್ತಿಯಾಯಿತೇನೋ.

ಅಕ್ಟೋಬರ್ 16, ಶನಿವಾರ

ಅತ್ತೆ ಚಟ್ನಿಪುಡಿ ಕುಟ್ಟುತ್ತಿದ್ದಾರೆ. ಮನೆಯೆಲ್ಲ ಘಾಟು. ಒಂದು ದೊಡ್ಡ ಡಬ್ಬ ತುಂಬಿಸಿ ಮುಚ್ಚಳಕ್ಕೆ ಬಟ್ಟೆ ಕಟ್ಟಿದರು. "ಹಾಸ್ಟೆಲ್ ಊಟ ಸಪ್ಪೆ ಇರತ್ತೆ. ತಗೊಂಡು ಹೋಗು," ಎಂದರು. ಇನ್ನೂ ಹತ್ತು ದಿನವಿದೆ, ಆಗಲೇ ಡಬ್ಬ ಕಟ್ಟಾಯಿತು. ನಾನು ಹೋದರೆ ಹೊತ್ತಿಗೆ ಸರಿಯಾಗಿ ಊಟ ಮಾಡಬಹುದಲ್ಲ, ಅವರಿಗೂ ಸಾಕಾಗಿರಬೇಕು. ನ್ಯಾಯವೇ. ಸೂಟ್‌ಕೇಸಿನಿಂದ ಫ್ಲಾಪಿಗಳನ್ನು ತೆಗೆಯಬೇಕು. ಇವತ್ತು ಬೇಡ.

ಅಕ್ಟೋಬರ್ 20, ಬುಧವಾರ

ನಾಳೆ ಸರಸ್ವತಿ ಪೂಜೆ. ಪುಸ್ತಕಗಳನ್ನೆಲ್ಲ ದೇವರ ಮುಂದಿಟ್ಟರೆ ವಿಜಯದಶಮಿಯವರೆಗೆ ಓದಬಾರದು, ಬರೆಯಬಾರದು. ನಾನು ಇಂಥದ್ದನ್ನು ಕೇಳಿದ್ದೆ, ಮಾಡಿರಲಿಲ್ಲ.

"ಅತ್ತೆ, ಮಂಗಳವಾರ ಲ್ಯಾಬ್ ಟೆಸ್ಟ್ ಇದೆ!"

"ಈ ಮೂರು ದಿನ ಓದದಿದ್ರೆ ಸರಸ್ವತಿಗೆ ಕೋಪ ಇಲ್ಲ. ಓದಿದ್ರೇ ಕೋಪ."

"ಕಂಪ್ಯೂಟರ್ ಪುಸ್ತಕ ಅಲ್ಲವಲ್ಲ?" ಎಂದರು ಮಾವ ಆಸೆಯಿಂದ.

"ಅದರಲ್ಲಿ ಓದ್ತೀರಿ, ಬರೀತೀರಿ. ಮತ್ತಿನ್ನೇನು ಅದು, ಒರಳುಕಲ್ಲಾ?"

ಕೀಬೋರ್ಡು, ಫ್ಲಾಪಿಗಳು, ನನ್ನ ಪುಸ್ತಕಗಳು, ಈ ಡೈರಿ, ಎಲ್ಲ ಹೋಗುತ್ತವೆ. ಇದನ್ನು ಅತ್ತೆ ತೆರೆದರೆ? "ಪೂಜೆಗಿಟ್ಟಿದ್ದನ್ನ ಯಾರೂ ಬಿಡಿಸಬಾರದು," ಎಂದರು, ನಾನು ಕೇಳದಿದ್ದರೂ.

ಅಕ್ಟೋಬರ್ 24, ಭಾನುವಾರ. ವಿಜಯದಶಮಿ

ಡೈರಿ ವಾಪಸು ಬಂತು, ಹೊದಿಕೆಯ ಮೇಲೆ ಕುಂಕುಮದ ಬೊಟ್ಟು.

ಮೂರು ದಿನ ಏನೂ ಓದಲಿಲ್ಲ. ಮೊದಲ ದಿನ ಕೈಕಾಲು ಆಡದೆ ಮನೆ ತುಂಬ ಸುತ್ತಿದೆ. ಎರಡನೆಯ ದಿನ ಅತ್ತೆಯ ಜೊತೆ ಹೂ ಕಟ್ಟಿದೆ. ನನ್ನ ಮಾಲೆ ನೋಡಿ, "ದೇವರು ಅಡ್ಜಸ್ಟ್ ಮಾಡ್ಕೋತಾನೆ ಬಿಡು," ಎಂದರು. ಮೂರನೆಯ ದಿನ ಮಧ್ಯಾಹ್ನ ನೆಲದ ಮೇಲೆ ಸುಮ್ಮನೆ ಮಲಗಿದವಳಿಗೆ ನಿದ್ದೆ ಹತ್ತಿತು. ಎದ್ದಾಗ ತಲೆಯ ಕೆಳಗೆ ದಿಂಬಿತ್ತು.

ಇವತ್ತು ಮಾವ ಸ್ನಾನ ಮಾಡಿ, ದೇವರ ಮುಂದಿನಿಂದ ಎಬ್ಬಿಸುವ ಫ್ಲಾಪಿ ತಂದು ಹಾಕಿದರು. ಗರಗರ ಬದಲು ಕರಕರ. ಪರದೆಯ ಮೇಲೆ ಏನೂ ಇಲ್ಲ. ತೆಗೆದು ನೋಡಿದೆ. ಈ ದೊಡ್ಡ ಫ್ಲಾಪಿಗಳಲ್ಲಿ ಒಂದು ಉದ್ದನೆಯ ಕಿಂಡಿ ಇರುತ್ತದೆ. ಮಷೀನು ಓದುವುದು ಅಲ್ಲಿ ಕಾಣುವ ಕಪ್ಪು ಹಾಳೆಯನ್ನು. ಅತ್ತೆ ಅರಿಶಿನ ಕುಂಕುಮ ಇಟ್ಟದ್ದು ಸರಿಯಾಗಿ ಅಲ್ಲಿಗೆ. ಪ್ರತಿಯೊಂದಕ್ಕೂ. ನೀರಲ್ಲಿ ಕಲಸಿ, ಅಚ್ಚುಕಟ್ಟಾಗಿ, ಒಂದನ್ನೂ ಬಿಡದೆ.

"ಅದೇ ಹಣೆ ಅಂದುಕೊಂಡೆ," ಎಂದರು ಅತ್ತೆ. ಒಳಗೆ ಹೋಗಿ ಒಬ್ಬಟ್ಟು ತಟ್ಟತೊಡಗಿದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಮೊದಲು ಸ್ವಿಚ್ಚು, ಈಗ ಇದು. ನೀನು ಪರೀಕ್ಷೆ ಇದೆ ಅಂತ ಬಡಕೊಂಡೆ. ನಿನ್ನ ಕೆಲಸವೆಲ್ಲ ಹೋಯ್ತಲ್ಲೇ."

"ಏನೂ ಹೋಗಿಲ್ಲ ಅತ್ತೆ. ಎಲ್ಲ ಡಿಸ್ಕಿನೊಳಗೆ ಹಾಗೇ ಇದೆ, ಎಬ್ಬಿಸೋದಕ್ಕೆ ಇನ್ನೊಂದು ಫ್ಲಾಪಿ ಬೇಕು ಅಷ್ಟೇ. ಸದಾನಂದನ ಹತ್ತಿರ ಇದೆ. ನಾಳೆ ತರ್ತೀನಿ. ಅಳಬೇಡಿ, ಒಬ್ಬಟ್ಟು ಉಪ್ಪಾಗತ್ತೆ."

ಅತ್ತೆ ನನ್ನ ಮುಖವನ್ನೇ ನೋಡಿದರು, ಆಮೇಲೆ ನಕ್ಕರು. ಮಾವ ಹತ್ತಿಗೆ ಸ್ಪಿರಿಟ್ ಹಚ್ಚಿ ಡ್ರೈವಿನೊಳಗಿನ ಓದುವ ತಲೆ ಒರೆಸಿದರು. ಹತ್ತಿ ಕೆಂಪಾಯಿತು.

ಅಕ್ಟೋಬರ್ 25, ಸೋಮವಾರ

ಸದಾನಂದ ರಜಕ್ಕೆ ದಾದರಿನ ಮನೆಯಲ್ಲಿದ್ದಾನೆ. ನಾನೊಬ್ಬಳೇ ಹೋಗುತ್ತೇನೆಂದರೂ ಅತ್ತೆ ಕೇಳಲಿಲ್ಲ. "ಕೆಡಿಸಿದವಳು ನಾನು, ತರೋಳೂ ನಾನೇ." ಒಬ್ಬಟ್ಟಿನ ಡಬ್ಬದ ಸಮೇತ ಹೊರಟರು.

ಹೋಟೆಲಿನ ಹಿಂದಿನ ಕೋಣೆಯಲ್ಲಿ ಸದಾನಂದನಿಗೆ ನಡೆದದ್ದು ಹೇಳಿದಾಗ ಅವನು ಮೇಜು ಬಡಿದು ನಕ್ಕ. ಅತ್ತೆ ಗಂಭೀರವಾಗಿ ಕೇಳಿದರು, "ನೀನು ನಗೋದಾದ್ರೆ ಒಬ್ಬಟ್ಟು ವಾಪಸು ತಗೊಂಡು ಹೋಗಲಾ?"

"ಇಲ್ಲ ಅಮ್ಮ, ಬಾಯಿ ಮುಚ್ಚಿದೆ. ತಿನ್ನಲಿಕ್ಕೆ ಮಾತ್ರ ತೆರೀತೇನೆ."

ಅಲ್ಲಿದ್ದ ತನ್ನ ಕಂಪ್ಯೂಟರಿನಲ್ಲಿ ಫ್ಲಾಪಿ ಮಾಡಿಕೊಟ್ಟ. LI ರೋಗಕ್ಕೂ ಮದ್ದು ಹೇಳಿದ. ಡಿಸ್ಕಿನ ಅಳತೆ ನಾವು ತಪ್ಪು ಹೇಳಿದ್ದೆವಂತೆ. ಸರಿಯಾದದ್ದು ಬರೆದರೆ ಫ್ಲಾಪಿ ಇಲ್ಲದೆ ತಾನೇ ಏಳುತ್ತದಂತೆ. ಹೊರಡುವಾಗ ಕೇಳಿದ, "ಹಾಸ್ಟೆಲಿಗೆ ಯಾವಾಗ ಬರುವುದು ನೀನು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ಅವಳಿಗೆ ಎಲ್ಲಿ ಅನುಕೂಲವೋ ಅಲ್ಲಿ ಇರ್ತಾಳೆ. ನಾವು ಯಾಕೆ ಹಿಡಿದು ಕೂರಿಸೋದು?"

ಲೋಕಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಫ್ಲಾಪಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತರು. ಪಕ್ಕದ ಹೆಂಗಸು ಅದೇನೆಂದು ಮರಾಠಿಯಲ್ಲಿ ಕೇಳಿದಳು, "ಕಾಯ್ ಆಹೇ ತೇ, ಮಾವಶೀ?"

ಅತ್ತೆ ಒಂದು ಕ್ಷಣವೂ ಯೋಚಿಸದೆ, "ಪ್ರಸಾದ್ ಆಹೇ," ಎಂದರು. ಆ ಹೆಂಗಸು ಫ್ಲಾಪಿಗೆ ಕೈಮುಗಿದು, ಪಕ್ಕಕ್ಕೆ ಸರಿದು ನಮಗೆ ಜಾಗ ಕೊಟ್ಟಳು. ನಾನು ಅತ್ತೆಯ ಭುಜಕ್ಕೆ ಮುಖ ಒತ್ತಿ ಅಂಧೇರಿಯಿಂದ ಮಲಾಡಿನವರೆಗೆ ನಕ್ಕೆ.

ಅಕ್ಟೋಬರ್ 26, ಮಂಗಳವಾರ, ದೀಪ ಹಚ್ಚುವ ಹೊತ್ತು

ಲ್ಯಾಬ್ ಟೆಸ್ಟ್ ಮುಗಿಯಿತು. ಚೆನ್ನಾಗಿಯೇ ಆಯಿತು, ಅದರ ಬಗ್ಗೆ ಬರೆಯುವಂಥದ್ದಿಲ್ಲ. ಬಸ್ಸು ಕೆಟ್ಟು ಮಧ್ಯಾಹ್ನದ ಊಟಕ್ಕೆ ತಡವಾಯಿತು. ದಾರಿಯಲ್ಲಿ ಒಂದೇ ಯೋಚನೆ, ಅತ್ತೆಗೆ ಹಸಿವಾಗಿರುತ್ತದೆ ಎಂದು. ಬಂದು "ಎಷ್ಟು ಹೊತ್ತಾಯ್ತು ನೀವು ತಿಂಡಿ ತಿಂದು? ಏಳಿ ಏಳಿ" ಎಂದು ನಾನೇ ಜೋರು ಮಾಡಿ ತಟ್ಟೆ ಹಾಕಿದೆ.

ಅಳತೆ ಸರಿಮಾಡಿದ ಮೇಲೆ ಮಷೀನು ತಾನಾಗಿ ಏಳುತ್ತದೆ. ಮಾವನಿಗೆ ಸ್ವಲ್ಪ ಬೇಜಾರು, ಎಬ್ಬಿಸುವ ಕೆಲಸ ಅವರದಾಗಿತ್ತು. ಬೇಡವಾದ ಫ್ಲಾಪಿಯನ್ನು ಅತ್ತೆ ದೇವರ ಗೂಡಿನಲ್ಲಿ ಇಟ್ಟಿದ್ದಾರೆ, ಈ ಸಲ ಕುಂಕುಮ ಲೇಬಲ್ಲಿಗೆ.

ನಾಳೆ ಬುಧವಾರ, ಹಾಸ್ಟೆಲ್ಲಿಗೆ ಹೇಳಬೇಕು. ನಿನ್ನೆಯಿಂದ ಅತ್ತೆಯ ಹತ್ತಿರ ಮಾತೆತ್ತಬೇಕೆಂದು ನಾಲ್ಕು ಸಲ ಅಡುಗೆಮನೆಗೆ ಹೋದೆ, ನಾಲ್ಕು ಸಲವೂ ನೀರು ಕುಡಿದು ಬಂದೆ. ಚಟ್ನಿಪುಡಿಯ ಡಬ್ಬ ಅಲ್ಲೇ ಕೂತು ನೋಡುತ್ತದೆ. ನಾನು ಯಾವತ್ತೂ ಯಾರನ್ನೂ ಹೀಗೆ ಕೇಳಿದವಳಲ್ಲ. ಕಳಿಸಿದಲ್ಲಿಗೆ ಹೋಗಿದ್ದೇನೆ, ಕೊಟ್ಟ ಮಂಚದಲ್ಲಿ ಮಲಗಿದ್ದೇನೆ.

ಕೊನೆಗೆ ಮಷೀನಿನ ಮುಂದೆ ಕೂತು 'atte' ಹೆಸರಿನ ಪ್ರೋಗ್ರಾಮನ್ನು ಸ್ವಲ್ಪ ಬದಲಿಸಿದೆ. ಇವತ್ತು ಗ್ಯಾಸು, ನಲ್ಲಿ ಮುಚ್ಚಿ ಬಂದು ಅತ್ತೆ ತಮ್ಮ ಹೆಸರು ಹೊಡೆದರೆ ಅದು ತಕ್ಷಣ ಮಲಗುವುದಿಲ್ಲ. ಮೊದಲು ಇಷ್ಟನ್ನು ತೋರಿಸಿ, ಒಂದು ಕೀ ಒತ್ತುವವರೆಗೆ ಕಾಯುತ್ತದೆ. ಅಲ್ಲಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದಿದ್ದೇನೆ, ಇಲ್ಲಿ ಸರಿಯಾಗಿ ಬರೆದಿಡುತ್ತೇನೆ:

ಅತ್ತೆ, ಆರಿಸುವ ಮುಂಚೆ ಒಂದು ಮಾತು. ಹಾಸ್ಟೆಲ್ ಸೀಟು ಬೇಡ ಅಂತ ನಾಳೆ ಹೇಳಬೇಕು ಅಂದುಕೊಂಡಿದ್ದೇನೆ. ನಾನು ಇಲ್ಲೇ ಇರಲಾ? ಇರು ಅನ್ನುವುದಾದರೆ y ಒತ್ತಿ, ಬೇಡ ಅನ್ನುವುದಾದರೆ n. y ನಿಮ್ಮ ಹೆಸರಿನ ಟಿ ಪಕ್ಕದಲ್ಲೇ ಇದೆ, n ಕೆಳಗಿನ ಸಾಲಿನಲ್ಲಿ. ನನಗೋಸ್ಕರ ಕಾಯಬೇಡಿ ಅಂತ ಇನ್ನು ಮೇಲೆ ಹೇಳುವುದಿಲ್ಲ. ಚಟ್ನಿಪುಡಿ ಡಬ್ಬ ಬಿಚ್ಚಿ, ನಾಳೆ ದೋಸೆಗೆ ಬೇಕು. ನಾನು ಪಕ್ಕದ ಕೋಣೆಯಲ್ಲಿ ಎದ್ದೇ ಇದ್ದೇನೆ. ದಯವಿಟ್ಟು ಬೇಗ ಉತ್ತರ ಕೊಡಿ.